ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ: ಯಳಂದೂರು ತಾಲ್ಲೂಕಿನ ಮಹಿಳೆಯರಲ್ಲಿ ಅರಿವು ಮತ್ತು ಮನೋಭಾವ

1. ಪೀಠಿಕೆ

ಮಹಿಳೆಯರನ್ನು ಬಾಧಿಸುವ ಕ್ಯಾನ್ಸರ್‌ಗಳ ಪೈಕಿ ಗರ್ಭಕೊರಳಿನ ಕ್ಯಾನ್ಸರ್ ಭಾರತದಲ್ಲಿ ಸ್ತನ ಕ್ಯಾನ್ಸರ್‌ನ ನಂತರದ ಸ್ಥಾನದಲ್ಲಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ದೇಶದಲ್ಲಿ ಒಂದು ವರ್ಷಕ್ಕೆ ಸುಮಾರು 1,27,000 ಮಹಿಳೆಯರಲ್ಲಿ ಈ ರೋಗವು ಹೊಸದಾಗಿ ಕಂಡುಬಂದಿದ್ದು, ಸುಮಾರು 80,000 ಮಹಿಳೆಯರು ಇದರಿಂದ ಮರಣ ಹೊಂದಿರುತ್ತಾರೆ. ಕ್ಯಾನ್ಸರ್ ಆಗುವ ಮೊದಲೇ ಗುರುತಿಸಿ ತಡೆಯಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಆದಾಗ್ಯೂ ತಪಾಸಣೆಗೆ ಒಳಗಾಗುವ ಮಹಿಳೆಯರ ಸಂಖ್ಯೆ ಅತ್ಯಂತ ಕಡಿಮೆ ಇರುತ್ತದೆ.

ಈ ಲೇಖನದಲ್ಲಿ ರೋಗದ ಸ್ವರೂಪ, ತಪಾಸಣಾ ವಿಧಾನಗಳು, ಮಹಿಳೆಯರು ತಪಾಸಣೆಗೆ ಮುಂದೆ ಬಾರದಿರಲು ಇರುವ ಕಾರಣಗಳು ಹಾಗೂ ಅವುಗಳ ಪರಿಹಾರ ಮಾರ್ಗಗಳನ್ನು ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಹಿನ್ನೆಲೆಯಲ್ಲಿ ಸಾರ್ವಜನಿಕರ ಮಾಹಿತಿಗಾಗಿ ನೀಡಲಾಗಿದೆ.

2. ರೋಗದ ಸ್ವರೂಪ

ಗರ್ಭಕೋಶದ ಕೆಳಭಾಗದಲ್ಲಿ, ಯೋನಿಯೊಳಗೆ ತೆರೆದುಕೊಳ್ಳುವ ಕಿರಿದಾದ ಭಾಗಕ್ಕೆ ಗರ್ಭಕೊರಳು ಎಂದು ಹೆಸರು. ಇಲ್ಲಿ ಉಂಟಾಗುವ ಕ್ಯಾನ್ಸರ್‌ಗೆ ಹ್ಯೂಮನ್ ಪ್ಯಾಪಿಲೋಮಾ ವೈರಾಣು, ಅಂದರೆ ಎಚ್.ಪಿ.ವಿ., ಮುಖ್ಯ ಕಾರಣವಾಗಿರುತ್ತದೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು. ಈ ವೈರಾಣುವಿನ ಅನೇಕ ಬಗೆಗಳ ಪೈಕಿ 16 ಮತ್ತು 18ನೇ ಬಗೆಗಳು ಶೇ. 70ಕ್ಕೂ ಹೆಚ್ಚು ಪ್ರಕರಣಗಳಿಗೆ ಕಾರಣವಾಗಿರುತ್ತವೆ.

ಸದರಿ ವೈರಾಣುವು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ವೈವಾಹಿಕ ಜೀವನ ನಡೆಸುವ ಬಹುತೇಕ ಸ್ತ್ರೀ ಪುರುಷರಿಗೆ ಒಂದಲ್ಲ ಒಂದು ಕಾಲದಲ್ಲಿ ಇದು ತಗಲುತ್ತದೆ. ಹತ್ತರಲ್ಲಿ ಒಂಬತ್ತು ಜನರಲ್ಲಿ ದೇಹದ ರೋಗನಿರೋಧಕ ಶಕ್ತಿಯಿಂದಲೇ ಸುಮಾರು ಎರಡು ವರ್ಷಗಳೊಳಗೆ ನಿವಾರಣೆಯಾಗುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಗರ್ಭಕೊರಳಿನ ಜೀವಕೋಶಗಳಲ್ಲಿ ಬದಲಾವಣೆ ಉಂಟುಮಾಡುತ್ತದೆ. ಈ ಬದಲಾವಣೆ ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15 ರಿಂದ 20 ವರ್ಷಗಳು ಬೇಕಾಗುತ್ತವೆ. ಎಚ್.ಐ.ವಿ. ಸೋಂಕು ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಅವಧಿ 5 ರಿಂದ 10 ವರ್ಷಗಳಿಗೆ ಇಳಿಯಬಹುದು. ಚಿಕ್ಕ ವಯಸ್ಸಿನ ವಿವಾಹ ಮತ್ತು ಗರ್ಭಧಾರಣೆ, ಹೆಚ್ಚು ಹೆರಿಗೆಗಳು ಹಾಗೂ ತಂಬಾಕಿನ ಸೇವನೆ ಅಪಾಯವನ್ನು ಹೆಚ್ಚಿಸುತ್ತವೆ.

ಈ ದೀರ್ಘ ಅವಧಿಯಲ್ಲಿ ಮಹಿಳೆಗೆ ಯಾವ ನೋವೂ, ಯಾವ ತೊಂದರೆಯೂ ಕಾಣಿಸಿಕೊಳ್ಳುವುದಿಲ್ಲ. ತಪಾಸಣೆ ಫಲ ಕೊಡುವುದೂ ಇದೇ ಅವಧಿಯಲ್ಲಿ. ಈ ಕೆಳಕಂಡ ಲಕ್ಷಣಗಳು ಕಾಣಿಸಿಕೊಳ್ಳುವ ವೇಳೆಗೆ ರೋಗವು ಮುಂದುವರೆದಿರುವ ಸಾಧ್ಯತೆ ಇರುವುದರಿಂದ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಅ) ಮುಟ್ಟು ನಿಂತ ನಂತರ ಪುನಃ ರಕ್ತಸ್ರಾವವಾಗುವುದು
ಆ) ಎರಡು ಮುಟ್ಟುಗಳ ನಡುವೆ ಅಥವಾ ಪತಿಯೊಡನೆ ಸೇರಿದ ನಂತರ ರಕ್ತ ಕಾಣಿಸಿಕೊಳ್ಳುವುದು
ಇ) ದುರ್ವಾಸನೆಯಿಂದ ಕೂಡಿದ ಅಥವಾ ರಕ್ತಮಿಶ್ರಿತ ಬಿಳಿ ಸೆರಗು
ಈ) ಬಹುಕಾಲದಿಂದ ಕಡಿಮೆಯಾಗದ ಕೆಳಹೊಟ್ಟೆ ಅಥವಾ ಸೊಂಟದ ನೋವು

3. ತಪಾಸಣಾ ವಿಧಾನಗಳು

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2016ರಲ್ಲಿ ಹೊರಡಿಸಿದ ಕಾರ್ಯಾಚರಣಾ ಮಾರ್ಗಸೂಚಿಯಂತೆ 30 ರಿಂದ 65 ವರ್ಷದೊಳಗಿನ ಮಹಿಳೆಯರು ಐದು ವರ್ಷಗಳಿಗೊಮ್ಮೆ ಗರ್ಭಕೊರಳಿನ ತಪಾಸಣೆಗೆ ಒಳಗಾಗಬೇಕಾಗಿರುತ್ತದೆ. ಪ್ರಚಲಿತದಲ್ಲಿರುವ ವಿಧಾನಗಳು ಈ ಕೆಳಕಂಡಂತಿವೆ.

ಅ) ವಿ.ಐ.ಎ. ಪರೀಕ್ಷೆ: ಗರ್ಭಕೊರಳಿಗೆ ಶೇ. 3 ರಿಂದ 5ರಷ್ಟು ಸಾಂದ್ರತೆಯ ಅಸಿಟಿಕ್ ಆಮ್ಲವನ್ನು ಹತ್ತಿಯಿಂದ ಲೇಪಿಸಿ, ಸುಮಾರು ಒಂದು ನಿಮಿಷದ ನಂತರ ಬರಿಗಣ್ಣಿನಿಂದ ನೋಡಲಾಗುತ್ತದೆ. ಬದಲಾವಣೆ ಹೊಂದಿದ ಭಾಗವು ಬೆಳ್ಳಗೆ ಕಾಣುತ್ತದೆ. ಇದಕ್ಕೆ ಪ್ರಯೋಗಾಲಯದ ಅವಶ್ಯಕತೆ ಇರುವುದಿಲ್ಲ. ತರಬೇತಿ ಹೊಂದಿದ ಶುಶ್ರೂಷಕಿಯರೂ ಇದನ್ನು ನಡೆಸಬಹುದಾಗಿದ್ದು, ಫಲಿತಾಂಶ ಆಗಲೇ ತಿಳಿಯುತ್ತದೆ. ಆದ್ದರಿಂದ ಗ್ರಾಮೀಣ ಪ್ರದೇಶಕ್ಕೆ ಈ ವಿಧಾನವನ್ನು ಆಯ್ಕೆ ಮಾಡಿಕೊಳ್ಳಲಾಗಿದೆ.

ಆ) ಪ್ಯಾಪ್ ಸ್ಮಿಯರ್: ಗರ್ಭಕೊರಳಿನಿಂದ ಜೀವಕೋಶಗಳನ್ನು ಮೃದುವಾಗಿ ಕೆರೆದು ತೆಗೆದು, ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ಫಲಿತಾಂಶಕ್ಕಾಗಿ ಕೆಲವು ದಿನ ಕಾಯಬೇಕಾಗುತ್ತದೆ ಮತ್ತು ಮಹಿಳೆ ಎರಡನೇ ಬಾರಿ ಬರಬೇಕಾಗುತ್ತದೆ.

ಇ) ಎಚ್.ಪಿ.ವಿ. ಪರೀಕ್ಷೆ: ವೈರಾಣು ಇದೆಯೇ ಎಂಬುದನ್ನು ನೇರವಾಗಿ ಪತ್ತೆ ಮಾಡುವ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿದೆ. ಇದರಲ್ಲಿ ಮಹಿಳೆಯು ತನ್ನ ಮಾದರಿಯನ್ನು ತಾನೇ ಸಂಗ್ರಹಿಸಿ ಕೊಡಲು ಅವಕಾಶವಿದ್ದು, ಒಳಪರೀಕ್ಷೆಗೆ ಸಂಕೋಚಪಡುವವರಿಗೆ ಅನುಕೂಲಕರವಾಗಿರುತ್ತದೆ. ಆದರೆ ಇದರ ವೆಚ್ಚ ಹೆಚ್ಚಾಗಿದ್ದು, ಎಲ್ಲ ಕಡೆ ಲಭ್ಯವಿರುವುದಿಲ್ಲ.

4. ಅಂಕಿ ಅಂಶಗಳು

2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30 ರಿಂದ 49 ವರ್ಷದ ಮಹಿಳೆಯರನ್ನು ಈ ತಪಾಸಣೆಗೆ ಎಂದಾದರೂ ಒಳಗಾಗಿರುವಿರೇ ಎಂದು ಕೇಳಲಾಗಿತ್ತು. ಹೌದು ಎಂದವರು ದೇಶದಲ್ಲಿ ಶೇ. 1.9 ಮಾತ್ರ. ತಮಿಳುನಾಡಿನಲ್ಲಿ ಈ ಪ್ರಮಾಣ ಶೇ. 9.8 ಇದ್ದರೆ, ಕರ್ನಾಟಕದಲ್ಲಿ ಶೇ. 1ಕ್ಕಿಂತಲೂ ಕಡಿಮೆ ಇತ್ತು. ಅಂದರೆ ರಾಜ್ಯದಲ್ಲಿ ಈ ವಯಸ್ಸಿನ ನೂರು ಮಹಿಳೆಯರ ಪೈಕಿ ಒಬ್ಬರೂ ಪೂರ್ಣವಾಗಿ ಲೆಕ್ಕಕ್ಕೆ ಸಿಗುವುದಿಲ್ಲ.

ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿರುತ್ತವೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡುವುದು ಅವಶ್ಯಕ. ಹೆರಿಗೆಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮಹಿಳೆಯೇ ಹತ್ತು ವರ್ಷಗಳ ನಂತರ ಅದೇ ಆಸ್ಪತ್ರೆಗೆ ತಪಾಸಣೆಗಾಗಿ ಬರುತ್ತಿಲ್ಲ. ಮಗುವಿನ ಸಲುವಾಗಿ ಆಸ್ಪತ್ರೆಗೆ ಹೋಗುವುದನ್ನು ಕುಟುಂಬ ಒಪ್ಪಿಕೊಂಡಿದೆ. ಮಹಿಳೆ ತನ್ನ ಸಲುವಾಗಿ, ಅದೂ ಕಾಯಿಲೆ ಇಲ್ಲದಿರುವಾಗ ಹೋಗುವುದನ್ನು ಇನ್ನೂ ಒಪ್ಪಿಕೊಂಡಿಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

5. ಯಳಂದೂರು ತಾಲ್ಲೂಕಿನ ಹಿನ್ನೆಲೆ

ಸುವರ್ಣಾವತಿ ನದಿಯ ದಂಡೆಯ ಮೇಲಿರುವ ಯಳಂದೂರು ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಒಂದು. 1997ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಚಾಮರಾಜನಗರ ಜಿಲ್ಲೆಯನ್ನು ರಚಿಸಿದಾಗ ಈ ತಾಲ್ಲೂಕು ಹೊಸ ಜಿಲ್ಲೆಗೆ ಸೇರಿತು. ಬಯಲು ಭಾಗದ ಅಗರ, ಮಾಂಬಳ್ಳಿ, ಗುಂಬಳ್ಳಿ, ಹೊನ್ನೂರು, ಅಂಬಳೆ ಮುಂತಾದ ಗ್ರಾಮಗಳಲ್ಲಿ ಬೇಸಾಯ ಹಾಗೂ ಕೂಲಿ ಕೆಲಸ ಮುಖ್ಯ ಜೀವನಾಧಾರ. ಬಿಳಿಗಿರಿರಂಗನ ಬೆಟ್ಟದ ಅರಣ್ಯ ಪ್ರದೇಶದಲ್ಲಿ ಸೋಲಿಗ ಸಮುದಾಯದವರು ಪೋಡುಗಳಲ್ಲಿ ವಾಸವಾಗಿದ್ದು, ಕಿರು ಅರಣ್ಯ ಉತ್ಪನ್ನ ಸಂಗ್ರಹ, ಬೇಸಾಯ ಮತ್ತು ಕಾಫಿ ತೋಟದ ಕೆಲಸವನ್ನು ಅವಲಂಬಿಸಿರುತ್ತಾರೆ. 2011ರ ಜನಗಣತಿಯಂತೆ ಜಿಲ್ಲೆಯ ಮಹಿಳಾ ಸಾಕ್ಷರತೆ ಸುಮಾರು ಶೇ. 55ರಷ್ಟಿತ್ತು. ಆದ್ದರಿಂದ ಕರಪತ್ರ ಮತ್ತು ಭಿತ್ತಿಪತ್ರಗಳು ತಲುಪದ ಮಹಿಳೆಯರ ಸಂಖ್ಯೆ ಇಲ್ಲಿ ಗಣನೀಯವಾಗಿರುತ್ತದೆ.

ಆರೋಗ್ಯ ಸೇವೆಯಲ್ಲಿ ಈ ತಾಲ್ಲೂಕಿಗೆ ತನ್ನದೇ ಆದ ಇತಿಹಾಸವಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ತಾಲ್ಲೂಕಿನಲ್ಲಿ ಕುಷ್ಠರೋಗದ ಪ್ರಮಾಣ ಅಧಿಕವಾಗಿದ್ದ ಕಾರಣ 1986ರಲ್ಲಿ ಕರುಣಾ ಟ್ರಸ್ಟ್ ಆರಂಭವಾಯಿತು. 1996ರಲ್ಲಿ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರವು ಸದರಿ ಟ್ರಸ್ಟ್‌ಗೆ ವಹಿಸಿದ್ದು, ಇದು ರಾಜ್ಯದಲ್ಲಿ ಸರ್ಕಾರ ಮತ್ತು ಸ್ವಯಂಸೇವಾ ಸಂಸ್ಥೆಯ ಸಹಭಾಗಿತ್ವಕ್ಕೆ ಆರಂಭದ ಉದಾಹರಣೆಯಾಗಿದೆ.

ಕುಷ್ಠರೋಗದ ಅನುಭವ ಪ್ರಸ್ತುತ ವಿಷಯಕ್ಕೂ ಅನ್ವಯಿಸುತ್ತದೆ. ಆ ರೋಗವನ್ನೂ ಜನರು ನಾಚಿಕೆಯಿಂದ ಮುಚ್ಚಿಡುತ್ತಿದ್ದರು. ಅದರ ಮೊದಲ ಲಕ್ಷಣವಾದ ಸ್ಪರ್ಶಜ್ಞಾನವಿಲ್ಲದ ಮಚ್ಚೆಯೂ ನೋವು ಕೊಡುತ್ತಿರಲಿಲ್ಲ. ಮನೆ ಮನೆ ಭೇಟಿ, ಶೀಘ್ರ ಪತ್ತೆ, ಉಚಿತ ಔಷಧ ಹಾಗೂ ರೋಗಿಯನ್ನು ಗೌರವದಿಂದ ಕಾಣುವುದು ಈ ನಾಲ್ಕೂ ಸೇರಿದಾಗ ಕುಷ್ಠರೋಗ ಹತೋಟಿಗೆ ಬಂದಿತು. ಗರ್ಭಕೊರಳಿನ ಕ್ಯಾನ್ಸರ್ ವಿಷಯದಲ್ಲಿಯೂ ಇದೇ ಕ್ರಮ ಅಗತ್ಯವಾಗಿರುತ್ತದೆ.

6. ಮಹಿಳೆಯರು ತಪಾಸಣೆಗೆ ಬಾರದಿರಲು ಕಾರಣಗಳು

ಗ್ರಾಮೀಣ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾರಣಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದು.

ಅ) ಮಾಹಿತಿಯ ಕೊರತೆ: ಕ್ಯಾನ್ಸರ್ ಎಂಬ ಪದವನ್ನು ಬಹುತೇಕ ಮಹಿಳೆಯರು ಕೇಳಿರುತ್ತಾರೆ. ಆದರೆ ಅದು ಗರ್ಭಕೊರಳಿಗೂ ಬರುತ್ತದೆ, ಬರುವ ಮೊದಲೇ ಪತ್ತೆ ಹಚ್ಚಬಹುದು ಎಂಬುದು ತಿಳಿದಿರುವುದಿಲ್ಲ. ಬಿಳಿ ಸೆರಗು ಹೋಗುವುದನ್ನು ದೇಹದ ಉಷ್ಣವೆಂದೂ, ಮುಟ್ಟು ನಿಲ್ಲುವ ಕಾಲದ ರಕ್ತಸ್ರಾವವನ್ನು ವಯಸ್ಸಿನ ಸಹಜ ಬದಲಾವಣೆಯೆಂದೂ ಭಾವಿಸಿ ಮನೆಮದ್ದಿನಲ್ಲಿ ಕಾಲ ಕಳೆಯಲಾಗುತ್ತದೆ.

ಆ) ತೊಂದರೆ ಇಲ್ಲದಾಗ ಆಸ್ಪತ್ರೆ ಬೇಡವೆಂಬ ಭಾವನೆ: ಆಸ್ಪತ್ರೆಗೆ ಹೋಗುವುದು ಕಾಯಿಲೆ ಬಿದ್ದಾಗ ಮಾತ್ರ ಎಂಬುದು ರೂಢಿಯಲ್ಲಿರುವ ತಿಳುವಳಿಕೆ. ಚೆನ್ನಾಗಿರುವವರು ಪರೀಕ್ಷೆ ಮಾಡಿಸಿಕೊಳ್ಳುವುದು ಇಲ್ಲದ ರೋಗವನ್ನು ಕರೆದುಕೊಂಡಂತೆ ಎಂದು ಭಾವಿಸುವವರೂ ಇರುತ್ತಾರೆ.

ಇ) ಸಂಕೋಚ: ಒಳಪರೀಕ್ಷೆಯ ಬಗ್ಗೆ ಇರುವ ನಾಚಿಕೆ ಅತ್ಯಂತ ಬಲವಾದ ತಡೆಯಾಗಿರುತ್ತದೆ. ಪುರುಷ ವೈದ್ಯರು ಇರುವರೆಂಬ ಆತಂಕ, ಪರದೆ ಇಲ್ಲದ ಕೊಠಡಿ, ಬಾಗಿಲಲ್ಲಿ ಜನ ನಿಂತಿರುವುದು ಇವುಗಳಿಂದ ಅರ್ಧ ದಾರಿಗೆ ಬಂದವರೂ ಹಿಂತಿರುಗುತ್ತಾರೆ. ಹೆರಿಗೆಯ ಸಮಯದಲ್ಲಿ ಗದರಿಸಿಕೊಂಡ ಅನುಭವವಿರುವ ಮಹಿಳೆ ಅದೇ ಮೇಜಿನ ಮೇಲೆ ಪುನಃ ಮಲಗಲು ಹಿಂಜರಿಯುವುದು ಸಹಜ. ಇಂತಹ ಸಂಕೋಚವನ್ನು ಅಜ್ಞಾನವೆಂದು ತಳ್ಳಿಹಾಕದೆ, ಸೇವೆಯ ಕ್ರಮವನ್ನು ಸರಿಪಡಿಸಬೇಕಾಗುತ್ತದೆ.

ಈ) ಭಯ: ಕ್ಯಾನ್ಸರ್ ಎಂದರೆ ಸಾವು ಎಂಬ ನಂಬಿಕೆ ವ್ಯಾಪಕವಾಗಿದೆ. ಗೊತ್ತಾದರೆ ಮನೆಯವರಿಗೆ ಭಾರ, ಜಮೀನು ಒಡವೆ ಮಾರಬೇಕಾಗುತ್ತದೆ, ಆದ್ದರಿಂದ ಗೊತ್ತಾಗದಿರುವುದೇ ಮೇಲು ಎಂಬ ನಿರ್ಧಾರಕ್ಕೆ ಮಹಿಳೆಯರು ಬರುತ್ತಾರೆ.

ಉ) ಅಪವಾದದ ಅಂಜಿಕೆ: ಲೈಂಗಿಕ ಸಂಪರ್ಕದಿಂದ ಹರಡುವ ವೈರಾಣು ಎಂದು ತಿಳಿದಾಗ, ಪರೀಕ್ಷೆಗೆ ಹೋದವಳ ನಡತೆಯ ಬಗ್ಗೆ ಊರಿನಲ್ಲಿ ಮಾತು ಬರಬಹುದೆಂಬ ಅಂಜಿಕೆ ಉಂಟಾಗುತ್ತದೆ. ಮೇಲೆ ತಿಳಿಸಿದಂತೆ ಈ ವೈರಾಣು ಬಹುತೇಕ ಎಲ್ಲ ದಂಪತಿಗಳಿಗೂ ತಗಲುವಂತಹುದು. ಯಾರ ನಡತೆಗೂ ಇದು ಪ್ರಮಾಣವಲ್ಲ.

ಊ) ದಿನಗೂಲಿ, ದೂರ ಮತ್ತು ಅನುಮತಿ: ಪರೀಕ್ಷೆ ಉಚಿತವಾದರೂ ಅದಕ್ಕೆ ತಗಲುವ ದಿನ ಉಚಿತವಲ್ಲ. ಕೂಲಿ ಮಾಡುವ ಮಹಿಳೆ ಅಂದಿನ ಕೂಲಿ ಮತ್ತು ಬಸ್ ಪ್ರಯಾಣಕ್ಕೆ ಬೇಕಾದ ಸಮಯ ಎರಡನ್ನೂ ಲೆಕ್ಕ ಹಾಕುತ್ತಾಳೆ. ಬೆಟ್ಟದ ಪೋಡುಗಳಿಂದ ಬರುವವರು ಅರಣ್ಯದ ಹಾದಿಯಲ್ಲಿ ಕತ್ತಲಾಗುವ ಮೊದಲು ಹಿಂತಿರುಗಬೇಕಾಗಿರುತ್ತದೆ. ಇದಲ್ಲದೆ ಪತಿ ಅಥವಾ ಅತ್ತೆಯ ಒಪ್ಪಿಗೆ ಇಲ್ಲದೆ ಹೊರಡಲಾಗದವರೂ ಇರುತ್ತಾರೆ.

7. ತಪ್ಪು ತಿಳುವಳಿಕೆ ಮತ್ತು ವಾಸ್ತವಾಂಶ

ತಪ್ಪು ತಿಳುವಳಿಕೆ: ಬೆಳ್ಳಗೆ ಕಂಡಿದೆ ಎಂದರೆ ಕ್ಯಾನ್ಸರ್ ಬಂದಿದೆ ಎಂದು ಅರ್ಥ.
ವಾಸ್ತವಾಂಶ: ಅಲ್ಲ. ಹೆಚ್ಚಿನ ಪರೀಕ್ಷೆ ಬೇಕು ಎಂದು ಮಾತ್ರ ಅರ್ಥ. ಸೋಂಕು ಅಥವಾ ಉರಿಯೂತದಿಂದಲೂ ಹೀಗೆ ಕಾಣಬಹುದು.

ತಪ್ಪು ತಿಳುವಳಿಕೆ: ಮಕ್ಕಳಾಗುವುದು ನಿಂತಿದೆ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿದೆ. ಆದ್ದರಿಂದ ತಪಾಸಣೆ ಬೇಕಿಲ್ಲ.
ವಾಸ್ತವಾಂಶ: ಸಂತಾನಹರಣ ಶಸ್ತ್ರಚಿಕಿತ್ಸೆಗೂ ಈ ರೋಗಕ್ಕೂ ಸಂಬಂಧವಿಲ್ಲ. ಗರ್ಭಕೊರಳು ಇರುವವರೆಗೆ ಅಪಾಯ ಇದ್ದೇ ಇರುತ್ತದೆ.

ತಪ್ಪು ತಿಳುವಳಿಕೆ: ಪರೀಕ್ಷೆಯಲ್ಲಿ ಗರ್ಭಕೋಶಕ್ಕೆ ಗಾಯವಾಗುತ್ತದೆ, ಅಥವಾ ಅದನ್ನು ತೆಗೆಯುತ್ತಾರೆ.
ವಾಸ್ತವಾಂಶ: ವಿ.ಐ.ಎ. ಪರೀಕ್ಷೆಯಲ್ಲಿ ಏನನ್ನೂ ಕತ್ತರಿಸುವುದಿಲ್ಲ, ತೆಗೆಯುವುದಿಲ್ಲ. ಸ್ವಲ್ಪ ಉರಿ ಅಥವಾ ಅಸೌಖ್ಯ ಎನಿಸಬಹುದು.

ತಪ್ಪು ತಿಳುವಳಿಕೆ: ಬಿಳಿ ಸೆರಗು ಹೋಗುತ್ತಿದ್ದರೆ ಮುಂದೆ ಕ್ಯಾನ್ಸರ್ ಆಗುವುದರಿಂದ ಗರ್ಭಕೋಶವನ್ನೇ ತೆಗೆಸುವುದು ಒಳ್ಳೆಯದು.
ವಾಸ್ತವಾಂಶ: ಬಿಳಿ ಸೆರಗಿಗೆ ಹೆಚ್ಚಾಗಿ ಔಷಧಿಯಿಂದ ಗುಣವಾಗುವ ಸೋಂಕು ಕಾರಣ. ಕ್ಯಾನ್ಸರ್ ಭಯ ಹುಟ್ಟಿಸಿ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು 2015ರಲ್ಲಿ ಕಲಬುರಗಿ ಜಿಲ್ಲೆಯಿಂದ ಬೆಳಕಿಗೆ ಬಂದಿದ್ದವು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ನಿರ್ದೇಶಿಸಿದೆ. ಯಾವುದೇ ವೈದ್ಯರು ಗರ್ಭಕೋಶ ತೆಗೆಸಲು ಸೂಚಿಸಿದಲ್ಲಿ, ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೇ ಅಭಿಪ್ರಾಯ ಪಡೆಯುವುದು ಸೂಕ್ತ.

8. ತಪಾಸಣೆಯಿಂದ ಆಗಿರುವ ಪ್ರಯೋಜನ

ತಪಾಸಣೆಯಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕಷ್ಟು ಆಧಾರಗಳಿವೆ. ನೆರೆಯ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 30 ರಿಂದ 59 ವರ್ಷದ ಗ್ರಾಮೀಣ ಮಹಿಳೆಯರಿಗೆ ಶುಶ್ರೂಷಕಿಯರಿಂದ ಒಂದೇ ಒಂದು ಬಾರಿ ವಿ.ಐ.ಎ. ಪರೀಕ್ಷೆ ನಡೆಸಲಾಯಿತು. ತಪಾಸಣೆ ದೊರೆಯದ ಗ್ರಾಮಗಳಿಗೆ ಹೋಲಿಸಿದಲ್ಲಿ ಅಲ್ಲಿ ಈ ಕ್ಯಾನ್ಸರ್‌ನಿಂದಾದ ಮರಣ ಶೇ. 35ರಷ್ಟು ಕಡಿಮೆಯಾಗಿದ್ದುದು 2007ರಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ್ ಜಿಲ್ಲೆಯಲ್ಲಿ ಒಂದು ಬಾರಿಯ ಎಚ್.ಪಿ.ವಿ. ಪರೀಕ್ಷೆಯಿಂದ ಮರಣ ಸುಮಾರು ಅರ್ಧದಷ್ಟು ಇಳಿದಿದ್ದುದು 2009ರಲ್ಲಿ ವರದಿಯಾಯಿತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯು ಕೊಳಚೆ ಪ್ರದೇಶದ ಸುಮಾರು 1,50,000 ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನದಲ್ಲಿ ಪರೀಕ್ಷೆ ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಅಲ್ಲಿಯೂ ಮರಣ ಶೇ. 31ರಷ್ಟು ಕಡಿಮೆಯಾಯಿತು.

ಈ ಕಾರ್ಯದ ಪ್ರಮಾಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ 30 ರಿಂದ 65 ವರ್ಷದ 1,000 ಮಹಿಳೆಯರು ಇದ್ದಾರೆ ಎಂದು ಭಾವಿಸಿದಲ್ಲಿ, ಐದು ವರ್ಷಗಳಿಗೊಮ್ಮೆ ತಪಾಸಣೆಯಂತೆ ವರ್ಷಕ್ಕೆ 200 ಮಹಿಳೆಯರು, ಅಂದರೆ ವಾರಕ್ಕೆ ಸುಮಾರು ನಾಲ್ವರು ಬಂದರೆ ಸಾಕಾಗುತ್ತದೆ. ಇದು ಅಸಾಧ್ಯವಾದ ಸಂಖ್ಯೆಯಲ್ಲ. ಆ ನಾಲ್ವರು ಪ್ರತಿ ವಾರ ತಪ್ಪದೆ ಬರುವಂತೆ ಮಾಡುವುದೇ ಇಲ್ಲಿನ ಮುಖ್ಯ ಕೆಲಸ.

9. ತಪಾಸಣೆಗೆ ಬರುವವರು ಗಮನಿಸಬೇಕಾದ ಅಂಶಗಳು

ಅ) ಮುಟ್ಟಿನ ದಿನಗಳನ್ನು ಬಿಟ್ಟು ಬೇರೆ ದಿನ ಬರತಕ್ಕದ್ದು.
ಆ) ಗರ್ಭಿಣಿಯಾಗಿದ್ದಲ್ಲಿ ಅಥವಾ ಹೆರಿಗೆಯಾಗಿ ಮೂರು ತಿಂಗಳು ತುಂಬದಿದ್ದಲ್ಲಿ ಮೊದಲೇ ತಿಳಿಸತಕ್ಕದ್ದು.
ಇ) ಪರೀಕ್ಷೆಗೆ ಉಪವಾಸ ಇರಬೇಕಾಗಿಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ ಮತ್ತು ಅದೇ ದಿನ ಕೆಲಸಕ್ಕೆ ಹೋಗಬಹುದು.
ಈ) ಮಹಿಳಾ ಸಿಬ್ಬಂದಿಯಿಂದ ಪರೀಕ್ಷೆ ನಡೆಸುವಂತೆ ಹಾಗೂ ಜೊತೆಯಲ್ಲಿ ಬಂದ ಮಹಿಳೆಯನ್ನು ಹತ್ತಿರ ಇರಿಸಿಕೊಳ್ಳುವಂತೆ ಕೇಳಿಕೊಳ್ಳಬಹುದು.
ಉ) ಮುಟ್ಟು ನಿಂತವರಿಗೆ ವಿ.ಐ.ಎ. ಪರೀಕ್ಷೆ ಸ್ಪಷ್ಟ ಫಲಿತಾಂಶ ನೀಡದಿರಬಹುದು. ಅಂತಹವರಿಗೆ ವೈದ್ಯರು ಬೇರೆ ಪರೀಕ್ಷೆ ಸೂಚಿಸುತ್ತಾರೆ.
ಊ) ಎಚ್.ಐ.ವಿ. ಸೋಂಕಿತ ಮಹಿಳೆಯರು 25 ವರ್ಷದಿಂದಲೇ, 3 ರಿಂದ 5 ವರ್ಷಗಳಿಗೊಮ್ಮೆ ತಪಾಸಣೆಗೆ ಒಳಗಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ.
ಋ) ಫಲಿತಾಂಶವನ್ನು ಬರೆಸಿಕೊಂಡು, ಆ ಚೀಟಿಯನ್ನು ಮುಂದಿನ ತಪಾಸಣೆಯವರೆಗೆ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

10. ಮುಂದಿನ ಚಿಕಿತ್ಸೆ ಮತ್ತು ವೆಚ್ಚ

ಪರೀಕ್ಷೆಯಲ್ಲಿ ಸಂಶಯ ಕಂಡುಬಂದಲ್ಲಿ ಕಾಲ್ಪೋಸ್ಕೋಪ್ ಎಂಬ ಉಪಕರಣದಿಂದ ಗರ್ಭಕೊರಳನ್ನು ದೊಡ್ಡದಾಗಿಸಿ ನೋಡಲಾಗುತ್ತದೆ. ಅವಶ್ಯವಿದ್ದರೆ ಚಿಕ್ಕ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಲಾಗುತ್ತದೆ. ಕ್ಯಾನ್ಸರ್ ಪೂರ್ವ ಹಂತದ ಬದಲಾವಣೆಯನ್ನು ಅತಿಶೀತದಿಂದ ಅಥವಾ ಶಾಖದಿಂದ ನಾಶಪಡಿಸಬಹುದು, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ಆ ಭಾಗವನ್ನು ಮಾತ್ರ ತೆಗೆಯಬಹುದು. ಇದಕ್ಕೆ ಸಾಮಾನ್ಯವಾಗಿ ಒಳರೋಗಿಯಾಗಿ ಉಳಿಯಬೇಕಾಗಿರುವುದಿಲ್ಲ, ಗರ್ಭಕೋಶವೂ ಉಳಿಯುತ್ತದೆ.

ಸಂಶಯ ಕಂಡುಬಂದ ನಂತರ ಮುಂದಿನ ಹಂತಕ್ಕೆ ಹೋಗದೆ ಉಳಿಯುವುದು ತಪಾಸಣೆಯ ಉದ್ದೇಶವನ್ನೇ ವಿಫಲಗೊಳಿಸುತ್ತದೆ. ಊರಿನ ಉಪಕೇಂದ್ರದವರೆಗೆ ಬರಲು ಒಪ್ಪಿದ ಮಹಿಳೆಗೆ ಜಿಲ್ಲಾ ಕೇಂದ್ರಕ್ಕೆ ಒಬ್ಬಳೇ ಹೋಗುವುದು ಕಷ್ಟವಾಗುತ್ತದೆ. ಆದ್ದರಿಂದ ಕುಟುಂಬದ ಒಬ್ಬರು ಅಥವಾ ಆಶಾ ಕಾರ್ಯಕರ್ತೆ ಜೊತೆಯಲ್ಲಿ ಹೋಗುವುದು ಅತ್ಯವಶ್ಯಕ. ಯಳಂದೂರು ಭಾಗದವರಿಗೆ ಜಿಲ್ಲಾ ಕೇಂದ್ರದಲ್ಲಿ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದ್ದು, ಯಡಪುರದ ಅದರ ಬೋಧನಾ ಆಸ್ಪತ್ರೆಯು 2021ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ಕ್ಯಾನ್ಸರ್ ದೃಢಪಟ್ಟವರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮತ್ತು ಔಷಧ ಚಿಕಿತ್ಸೆ ದೊರೆಯುತ್ತದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯ ಇದ್ದು, ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿರುತ್ತದೆ. ಆಸ್ಪತ್ರೆಗೆ ಹೋಗುವಾಗ ಪಡಿತರ ಚೀಟಿ ಮತ್ತು ಆಧಾರ್ ಚೀಟಿಯನ್ನು ತಪ್ಪದೆ ಕೊಂಡೊಯ್ಯತಕ್ಕದ್ದು.

11. ಲಸಿಕೆ

ಎಚ್.ಪಿ.ವಿ. ಸೋಂಕಿನ ವಿರುದ್ಧ ಲಸಿಕೆ ಲಭ್ಯವಿದ್ದು, 9 ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹೆಚ್ಚು ಪರಿಣಾಮಕಾರಿಯಾಗಿರುತ್ತದೆ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ ಎಂಬ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. ಲಸಿಕೆ ಪಡೆದವರೂ 30 ವರ್ಷದ ನಂತರ ತಪಾಸಣೆಗೆ ಒಳಗಾಗಬೇಕು. ಲಸಿಕೆಯು ಈಗಾಗಲೇ ಇರುವ ಸೋಂಕನ್ನು ಗುಣಪಡಿಸುವುದಿಲ್ಲವಾದ್ದರಿಂದ ತಾಯಂದಿರಿಗೆ ತಪಾಸಣೆಯೇ ರಕ್ಷಣೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ಕಾರ್ಯನೀತಿಯಂತೆ 2030ರೊಳಗೆ ಶೇ. 90ರಷ್ಟು ಹೆಣ್ಣುಮಕ್ಕಳಿಗೆ 15 ವರ್ಷದೊಳಗೆ ಲಸಿಕೆ, ಶೇ. 70ರಷ್ಟು ಮಹಿಳೆಯರಿಗೆ 35 ಹಾಗೂ 45ನೇ ವಯಸ್ಸಿನೊಳಗೆ ತಪಾಸಣೆ, ರೋಗ ಕಂಡುಬಂದ ಶೇ. 90ರಷ್ಟು ಮಹಿಳೆಯರಿಗೆ ಚಿಕಿತ್ಸೆ ದೊರೆಯಬೇಕಾಗಿದೆ.

12. ಕುಟುಂಬ ಮತ್ತು ಸಮುದಾಯದ ಪಾತ್ರ

ತಪಾಸಣೆಗೆ ಒಳಗಾಗಿ ಬಂದ ಒಬ್ಬ ಮಹಿಳೆಯ ಮಾತು ಹತ್ತು ಕರಪತ್ರಗಳಿಗಿಂತ ಹೆಚ್ಚು ಪರಿಣಾಮ ಬೀರುತ್ತದೆ. ಆದ್ದರಿಂದ ಸ್ತ್ರೀಶಕ್ತಿ ಸಂಘಗಳು ಹಾಗೂ ಸ್ವಸಹಾಯ ಗುಂಪುಗಳು ತಮ್ಮ ವಾರದ ಸಭೆಯಲ್ಲಿ ಈ ವಿಷಯ ಚರ್ಚಿಸಿ, ಸದಸ್ಯೆಯರು ನಾಲ್ಕೈದು ಜನ ಕೂಡಿ ಒಟ್ಟಿಗೆ ಬರುವುದು ಉತ್ತಮ ಕ್ರಮ. ಒಟ್ಟಿಗೆ ಬಂದಾಗ ಸಂಕೋಚ ಕಡಿಮೆಯಾಗುವುದಲ್ಲದೆ ದಾರಿಯ ಭಯವೂ ಇರುವುದಿಲ್ಲ. ಪೋಡುಗಳಲ್ಲಿ ಹಿರಿಯ ಮಹಿಳೆಯರ ಹಾಗೂ ಯಜಮಾನರ ಮೂಲಕ, ಅವರ ಮಾತಿನಲ್ಲಿಯೇ ವಿಷಯ ತಿಳಿಸುವುದು ಸೂಕ್ತ. ಬಿತ್ತನೆ ಮತ್ತು ಕೊಯ್ಲಿನ ದಿನಗಳನ್ನು ಬಿಟ್ಟು ಶಿಬಿರಗಳನ್ನು ಏರ್ಪಡಿಸಿದಲ್ಲಿ ಕೂಲಿ ತಪ್ಪುವುದಿಲ್ಲ. ಪುರುಷರು ಈ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸದೆ, ಮನೆಯ ಮಹಿಳೆಯರನ್ನು ಕರೆತರುವ ಹೊಣೆ ವಹಿಸಿಕೊಳ್ಳಬೇಕು.

30 ವರ್ಷ ಮೇಲ್ಪಟ್ಟ ಎಲ್ಲ ಮಹಿಳೆಯರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ, ತಪಾಸಣೆ ನಡೆಯುವ ದಿನ ಮತ್ತು ಸ್ಥಳವನ್ನು ತಿಳಿದುಕೊಂಡು ಇದರ ಪ್ರಯೋಜನ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.